ನಾನು ಮಾಡದ ಫೋನು

ಕಳೆದ ತಿಂಗಳು ಸೊರಬಕ್ಕೆ ಹೋಗುವಾಗ ಬಸ್ ಬದಲಿಸಲು ಶಿರಾಳಕೊಪ್ಪದಲ್ಲಿ ಇಳಿದೆ. ನಿಲ್ದಾಣದ ಹಿಂದೆ ಹಳೆಯ ಕಟ್ಟಡವೊಂದಕ್ಕೆ ಸುಣ್ಣ ಬಳಿಯುತ್ತಿದ್ದರು. ಡ್ರಮ್ಮಿನಲ್ಲಿದ್ದ ಸುಣ್ಣದ ಕಲ್ಲಿಗೆ ಆಗಷ್ಟೇ ನೀರು ಸುರಿದಿದ್ದರೇನೋ, ಕೊತಕೊತ ಕುದಿಯುವ ಸದ್ದು ಕೇಳುತ್ತಿತ್ತು. ಬಿಸಿ ಹಬೆಯ ಜೊತೆ ಆ ವಾಸನೆ ಬಂದು ಮೂಗಿಗೆ ತಾಗಿತು. ಅಲ್ಲಿ ನಿಂತ ಉಳಿದವರಿಗೆ ಅದು ಹಬ್ಬ ಬರುತ್ತಿದೆ ಅನ್ನಿಸುವ ವಾಸನೆ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ.

ಈಗ ಪಿಯುಸಿ ಓದುತ್ತಿರುವ ನನ್ನ ಮಗಳು ಸಿಂಚನಾ ಮೂರನೇ ಕ್ಲಾಸಿನಲ್ಲಿದ್ದ ವರ್ಷದ ಮಳೆಗಾಲ ನೆನಪಾಯಿತು.

ಆಗ ನಾವು ಶಿಕಾರಿಪುರ ಪೇಟೆಯೊಳಗೇ ಬಾಡಿಗೆ ಮನೆಯಲ್ಲಿದ್ದೆವು. ನಾನು ಈಸೂರಿನ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಡಂ. ನಮ್ಮವರದು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಸಣ್ಣ ಅಂಗಡಿ. ಸಿಂಚನಾಳ ಎಡಗೈಯ ತೋರುಬೆರಳಿನ ಗೆಣ್ಣಿನ ಮೇಲೆ ಮೊದಲು ಒಂದೇ ಒಂದು ಗುಳ್ಳೆಯಂಥದ್ದು ಎದ್ದಿತ್ತು. ಮುಳ್ಳು ಚುಚ್ಚಿ ಗಟ್ಟಿಯಾಗಿದೆ ಅಂದುಕೊಂಡೆ. ಅವಳು ಪಾಠ ಓದುವಾಗ ಅದನ್ನು ಹಲ್ಲಿನಿಂದ ಕಚ್ಚುವುದು ರೂಢಿ ಮಾಡಿಕೊಂಡಳು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಪಕ್ಕದ ಬೆರಳುಗಳಲ್ಲೂ, ಅಂಗೈ ಅಂಚಿನಲ್ಲೂ ಸಣ್ಣ ಸಣ್ಣವು ಎದ್ದವು. ಮೇಲ್ಮೈ ಹೂಕೋಸಿನ ಹಾಗೆ ಒರಟು, ಒಳಗೆ ಸಾಸಿವೆಯಂಥ ಕಪ್ಪು ಚುಕ್ಕೆ. ನರಹುಲಿ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಶಾಲೆಯಲ್ಲಿ ನನ್ನ ಜೊತೆಯ ಮೇಡಂ ಒಬ್ಬರು ಕುದುರೆ ಕೂದಲು ಬಿಗಿದು ಕಟ್ಟಿ ಅಂದರು. ಹಾಲು ಕೊಡುವ ಹೆಂಗಸು ದೇವರಿಗೆ ಉಪ್ಪು ಬೆಲ್ಲ ಹರಕೆ ಹೇಳಿಕೊಳ್ಳಲು ಹೇಳಿದಳು. ಎದುರು ಮನೆಯವರು ಊದುಬತ್ತಿಯ ಕೆಂಡ ತಾಗಿಸಿದರೆ ಸಾಕು ಅಂದರು. ನಾನು ಎಲ್ಲರಿಗೂ ತಲೆಯಾಡಿಸಿದೆ, ಯಾವುದನ್ನೂ ಮಾಡಲಿಲ್ಲ. ಆದರೆ ಒಂದು ದಿನ ಸಿಂಚನಾ ಶಾಲೆಯಿಂದ ಬಂದವಳು ಎಡಗೈಯನ್ನು ಯೂನಿಫಾರ್ಮಿನ ಜೇಬಿನಿಂದ ಹೊರಗೇ ತೆಗೆಯಲಿಲ್ಲ. ಡ್ರಿಲ್ಲಿನಲ್ಲಿ ಕೈ ಕೈ ಹಿಡಿದು ಸುತ್ತು ನಿಲ್ಲುವಾಗ ಪಕ್ಕದ ಹುಡುಗಿ ಇವಳ ಕೈ ಬಿಟ್ಟು ಅಂಗಿಯ ತೋಳನ್ನು ಹಿಡಿದಳಂತೆ. ಮರುದಿನವೇ ಅವಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ನನ್ನನ್ನು ಬಿಟ್ಟು ನೇರವಾಗಿ ಮಗಳ ಜೊತೆಗೇ ಮಾತಾಡಿದರು.

"ಕಪ್ಪೆ ಮುಟ್ಟಿದ್ದಕ್ಕಾ ಬಂದಿದ್ದು?" ಎಂದು ಅವಳೇ ಕೇಳಿದಳು.

"ಕಪ್ಪೆ ಪಾಪ ಏನೂ ಮಾಡಿಲ್ಲ. ಇದೊಂದು ಥರದ ವೈರಸ್ಸು. ಶೀತ ಬರಲ್ವಾ, ಹಾಗೆ ಇದು ಚರ್ಮಕ್ಕೆ ಬರುತ್ತೆ. ಮಕ್ಕಳಿಗೆ ಜಾಸ್ತಿ. ನೀನು ಕಚ್ಚಿ ಕಚ್ಚಿ ಪಕ್ಕದ ಬೆರಳಿಗೂ ಹಂಚಿದೀಯ, ಅಷ್ಟೇ."

"ಹೋಗುತ್ತಾ?"

"ಹೋಗುತ್ತೆ. ಏನೂ ಮಾಡದಿದ್ರೂ ಬಹಳ ಮಕ್ಕಳಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಬಿದ್ದುಹೋಗುತ್ತೆ. ನಿನಗೆ ಬೇಜಾರಾಗ್ತಿದ್ರೆ ಔಷಧಿ ಕೊಡ್ತೀನಿ. ಆದ್ರೆ ನಿಧಾನ. ತಿಂಗಳುಗಟ್ಟಲೆ ಹಚ್ಚಬೇಕು. ಆಗುತ್ತಾ ನಿನ್ನ ಕೈಲಿ?"

ಅವಳು ಆಗುತ್ತೆ ಅಂದಳು. ಅವರು ಬರೆದುಕೊಟ್ಟದ್ದು ಸ್ಯಾಲಿಸಿಲಿಕ್ ಆಮ್ಲದ ಒಂದು ಸಣ್ಣ ಬಾಟಲಿ. ಕೈಯನ್ನು ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲ್ಪದರವನ್ನು ಹಗುರವಾಗಿ ಉಜ್ಜಿ, ಸುತ್ತಲಿನ ಒಳ್ಳೆ ಚರ್ಮಕ್ಕೆ ವ್ಯಾಸಲೀನ್ ಸವರಿ, ನರಹುಲಿಯ ಮೇಲೆ ಮಾತ್ರ ಒಂದು ಹನಿ ಇಡಬೇಕು. ಟವಲ್ಲು ಬೇರೆ ಇರಲಿ, ಶಾಲೆ ಬಿಡಿಸಬೇಡಿ, ಆಟ ಬಿಡಿಸಬೇಡಿ ಎಂದರು. ಹೊರಡುವಾಗ ನನಗೆ, "ಸುಡೋದು, ಕೊಯ್ಯೋದು ಯಾರು ಹೇಳಿದ್ರೂ ಬೇಡ ರೀ. ಕಾಯಿಲೆಗಿಂತ ಅದರ ಗಾಯವೇ ದೊಡ್ಡದಾಗುತ್ತೆ," ಎಂದರು.

ಹೀಗೆ ಶುರುವಾದದ್ದು ನಮ್ಮಿಬ್ಬರ ಸಂಜೆ. ನಾನು ಶಾಲೆಯಿಂದ ಬಂದು ಕಾಫಿ ಕುಡಿದ ಮೇಲೆ ಅಡುಗೆಮನೆಯ ಮೆಟ್ಟಿಲ ಮೇಲೆ ಬೋಗುಣಿ ಇಟ್ಟುಕೊಂಡು ಕೂರುತ್ತಿದ್ದೆವು. ಅವಳ ಕೈ ಬಿಸಿನೀರಿನಲ್ಲಿ, ಬಾಯಿ ಊರಿನ ಸುದ್ದಿಯಲ್ಲಿ. ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಸರ್ ಪಾಠ ಮಾಡುತ್ತಲೇ ತೂಕಡಿಸಿದರು, ಎಲ್ಲ ನನಗೆ ಅಲ್ಲೇ ಗೊತ್ತಾಗುತ್ತಿತ್ತು. ಔಷಧಿ ಸ್ವಲ್ಪ ಚುರುಗುಟ್ಟುತ್ತಿತ್ತು. ಮೊದಲ ದಿನ ಅವಳು ಕೈ ಎಳೆದುಕೊಂಡಾಗ ಒಂದು ಮಾತು ಕೊಟ್ಟೆ: "ನಿನಗೆ ಹೇಳದೆ, ನೀನು ಹ್ಞೂಂ ಅನ್ನದೆ ನಿನ್ನ ಕೈಗೆ ಏನೂ ಮಾಡಲ್ಲ." ಅಂದಿನಿಂದ ಅವಳೇ ದಿನಾ "ಹ್ಞೂಂ, ಇಡು" ಅನ್ನುತ್ತಿದ್ದಳು. ಆಮೇಲೆ ಹನಿ. ಮಳೆ ಹಿಡಿದುಕೊಳ್ಳುವ ಹೊತ್ತಿಗೆ ಗೆಣ್ಣಿನ ದೊಡ್ಡದು ಅರ್ಧಕ್ಕೆ ಇಳಿದಿತ್ತು.

ಆಷಾಢ ಮುಗಿಯುವ ಹೊತ್ತಿಗೆ ನನಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು, ಕೀವಾಗಿದೆ, ಶಿವಮೊಗ್ಗಕ್ಕೆ ಹೋಗಿ ಆಪರೇಷನ್ ಮಾಡಿಸಲೇಬೇಕು ಅಂದರು. ನಮ್ಮವರು ನನ್ನ ಜೊತೆ ಆಸ್ಪತ್ರೆಯಲ್ಲಿ ಇರಬೇಕಿತ್ತು. ಸಿಂಚನಾಳನ್ನು ಎಲ್ಲಿ ಬಿಡುವುದು ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಆನವಟ್ಟಿಯಲ್ಲಿ ಲಲಿತಕ್ಕ ಇದ್ದಳು.

ಲಲಿತಕ್ಕ ನನ್ನ ಒಡಹುಟ್ಟಿದ ಅಕ್ಕ. ನಮ್ಮಮ್ಮ ತೀರಿಕೊಂಡಾಗ ನನಗೆ ಆರೇಳು ವರ್ಷ, ಅಕ್ಕನಿಗೆ ಹದಿನೇಳು. ನನ್ನ ಜಡೆ ಹೆಣೆದದ್ದು, ನನಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಟ್ಟದ್ದು, ಟೀಚರ್ ಕೆಲಸಕ್ಕೆ ಟಿಸಿಎಚ್ ಓದಿಸಲೇಬೇಕು ಎಂದು ಅಪ್ಪನ ಜೊತೆ ಜಗಳವಾಡಿದ್ದು ಅವಳೇ. ಮದುವೆಯಾಗಿ ಆನವಟ್ಟಿಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಭಾವನ ಗೊಬ್ಬರದ ಅಂಗಡಿಯ ಮೇಲಿನ ಆ ಮನೆಯಲ್ಲೇ ನಾನು ಹೈಸ್ಕೂಲು ಮುಗಿಸಿದ್ದು. ಅಮ್ಮ ಅಂದರೆ ನನಗೆ ನೆನಪಾಗುವ ಮುಖ ಅಕ್ಕನದೇ.

ಮಗಳ ಶಾಲೆಗೆ ರಜೆ ಬರೆದುಕೊಟ್ಟೆ; ಅಕ್ಕನೇ ಬಂದು ಅವಳನ್ನು ಕರೆದುಕೊಂಡು ಹೋದಳು. ಬ್ಯಾಗಿನಲ್ಲಿ ಔಷಧಿ ಬಾಟಲಿ ಇಟ್ಟು, ಹಚ್ಚುವುದು ಹೇಗೆ ಎಂದು ಹೇಳಿಕೊಟ್ಟೆ. ಅಕ್ಕ ನಕ್ಕಳು.

"ನಿನ್ನ ಸಾಕಿದೋಳಿಗೆ ನಿನ್ನ ಮಗಳನ್ನ ನೋಡ್ಕಳದು ಹೇಳಿಕೊಡ್ತೀಯೇನೆ ಗೀತಾ? ನೀನು ಆರಾಮಾಗಿ ಬಾ. ಇವಳ ಚಿಂತೆ ಬಿಡು."

ಚಿಂತೆ ಬಿಟ್ಟೆ. ಆಸ್ಪತ್ರೆಯಲ್ಲಿ ಮಲಗಿದಾಗ ನನಗಿದ್ದ ಒಂದೇ ಸಮಾಧಾನ ಅದು. ಗಾಯ ಬೇಗ ಮಾಯದೆ ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಅಲ್ಲೇ ಇರಬೇಕಾಯಿತು. ಮೊದಮೊದಲು ಸಿಂಚನಾ ದಿನಾ ಫೋನಿನಲ್ಲಿ ಸಿಗುತ್ತಿದ್ದಳು. ಸುಮಕ್ಕ ಬಳೆ ಕೊಡಿಸಿದಳು, ಸುಮಕ್ಕನ ಜೊತೆ ಮಹಡಿಯಲ್ಲಿ ಮಲಗುತ್ತೀನಿ ಎಂದೆಲ್ಲ ಹೇಳುತ್ತಿದ್ದಳು. ಸುಮಾ ಅಕ್ಕನ ಒಬ್ಬಳೇ ಮಗಳು, ಡಿಗ್ರಿ ಮುಗಿಸಿದ್ದಳು. ಆಮೇಲೆ ಒಂದು ದಿನದಿಂದ ಸಿಂಚನಾ ಫೋನಿಗೆ ಬರುವುದನ್ನೇ ನಿಲ್ಲಿಸಿದಳು. ಆಟ ಆಡ್ತಿದಾಳೆ, ಮಲಗಿದಾಳೆ, ಪಕ್ಕದ ಮನೆಗೆ ಹೋಗಿದಾಳೆ ಎಂದು ಅಕ್ಕ ಹೇಳುತ್ತಿದ್ದಳು. ಮಗು ಹೊಂದಿಕೊಂಡಿದೆ, ಒಳ್ಳೆಯದೇ ಆಯಿತು ಎಂದು ನಾನು ನಮ್ಮವರಿಗೆ ಹೇಳಿದ್ದೂ ನೆನಪಿದೆ.

ನಾನು ಶಿಕಾರಿಪುರಕ್ಕೆ ಬಂದ ಮರುದಿನ ನಮ್ಮವರು ಬೈಕಿನಲ್ಲಿ ಹೋಗಿ ಅವಳನ್ನು ಕರೆದುತಂದರು. ಬೈಕು ನಿಂತ ಸದ್ದು ಕೇಳಿ ಹೊಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಅವಳು ಓಡಿ ಬರಲಿಲ್ಲ. ರೈನ್‌ಕೋಟಿನ ತೋಳು ಇಳಿಬಿಟ್ಟುಕೊಂಡು ಅಪ್ಪನ ಹಿಂದೆ ನಿಂತಿದ್ದಳು. ನಮ್ಮವರ ಮುಖ ಕಪ್ಪಿಟ್ಟಿತ್ತು.

"ನೀನೇ ನೋಡು," ಎಂದಷ್ಟೇ ಹೇಳಿ ಒಳಗೆ ಹೋದರು.

ತೋಳು ಸರಿಸಿ ನೋಡಿದೆ. ತೋರುಬೆರಳಿಗೆ ಹಳೆ ಸೀರೆಯ ಚಿಂದಿ ಸುತ್ತಿತ್ತು. ಅದು ಗಾಯಕ್ಕೆ ಅಂಟಿಕೊಂಡಿತ್ತು. ಬಿಸಿನೀರಿನಲ್ಲಿ ನೆನೆಸಿ ಬಿಡಿಸೋಣ ಎಂದು ಕೈ ಚಾಚಿದರೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ನೀನೇ ಹೇಳಿದ್ಯಂತಲ್ಲ?"

"ಏನು ಹೇಳಿದೆ ಪುಟ್ಟಾ?"

"ಸುಣ್ಣ ಹಚ್ಚಕ್ಕೆ. ನೀನು ಫೋನ್ ಮಾಡಿ ಹಚ್ಚು ಅಂದ್ಯಂತೆ. ದೊಡ್ಡಮ್ಮ ಹೇಳಿದ್ರು. ಅದಕ್ಕೇ ನಾನು ಕೈ ಕೊಟ್ಟೆ."

ಎಲೆಅಡಿಕೆಯ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ ಗೆಣ್ಣಿನ ಮೇಲೆ ಮೆತ್ತಿದ್ದರು. ಉರಿ ಉರಿ ಎಂದು ಅವಳು ಕಿರುಚಿದಾಗ ಅಕ್ಕ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, "ನಿಮ್ಮಮ್ಮನೇ ಹೇಳಿದಾಳೆ, ಸ್ವಲ್ಪ ತಡ್ಕ," ಎಂದಳಂತೆ. ತೊಳೆಯುವ ಹೊತ್ತಿಗೆ ನರಹುಲಿಯ ಜೊತೆ ಸುತ್ತಲಿನ ಚರ್ಮವೂ ಸುಟ್ಟು ಒಳಗಿನ ಮಾಂಸ ಕಾಣುತ್ತಿತ್ತು.

ನಾನು ಹೇಳಿಲ್ಲ, ನಾನು ಫೋನ್ ಮಾಡಿಲ್ಲ ಎಂದು ಅವಳ ಎದುರು ಕೂತು ಎಷ್ಟು ಬಾರಿ ಹೇಳಿದೆನೋ. ಅವಳು ಪ್ರತಿ ಬಾರಿಯೂ "ಹ್ಞೂಂ" ಅಂದಳು. ಔಷಧಿ ಹಾಕುವ ಮೊದಲು ಅನ್ನುತ್ತಿದ್ದ ಹ್ಞೂಂ ಅಲ್ಲ ಅದು. ದೊಡ್ಡವರು ಮಾತು ಮುಗಿಸಲಿ ಎಂದು ಮಕ್ಕಳು ಅನ್ನುವ ಹ್ಞೂಂ.

ಆ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅವಳ ದನಿಯಲ್ಲಿ ಯಾವ ಅಳುಕೂ ಇರಲಿಲ್ಲ.

"ನೀನು ಮಂಚದ ಮೇಲೆ ಬಿದ್ದಿದ್ದಿ. ನಿನ್ನ ಕೇಳಿ ಯಾಕೆ ತಲೆಬಿಸಿ ಮಾಡದು ಅಂತ ನಾನೇ ಮಾಡ್ದೆ. ನಿನ್ನ ಬಾಟ್ಲಿಯಿಂದ ಅದು ಯಾವ ಕಾಲಕ್ಕೆ ಹೋಗ್ತಿತ್ತು? ನಾನು ಒಂದೇ ಸಲಕ್ಕೆ ತೆಗ್ದೆ. ಸ್ವಲ್ಪ ಗಾಯ ಆಗೈತೆ, ಮಾಯ್ತತೆ."

"ನನ್ನ ಹೆಸರು ಯಾಕೆ ಹೇಳಿದೆ ಅಕ್ಕ?"

"ಮಕ್ಕಳಿಗೆ ಹಂಗೆ ಹೇಳದೆ ಇನ್ನೆಂಗೆ ಹೇಳದು ಕಣೆ?"

ಫೋನ್ ಇಟ್ಟ ಮೇಲೆ ಅತ್ತೆ. ಆದರೂ ಅಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕ ಓದಿದವಳಲ್ಲ, ಅವಳಿಗೆ ತಿಳಿದದ್ದು ಅಷ್ಟೇ, ಮಗುವಿನ ಮೇಲಿನ ಪ್ರೀತಿಗೇ ಮಾಡಿದ್ದು ಎಂದುಕೊಂಡೆ. ನನ್ನನ್ನು ಬೆಳೆಸಿದವಳ ಬಗ್ಗೆ ಬೇರೆ ಏನನ್ನೂ ಯೋಚಿಸಲು ನನಗೆ ಬರುತ್ತಿರಲಿಲ್ಲ.

ಡಾಕ್ಟರು ಕೈ ನೋಡಿ ತಾವೇ ಗಾಯ ತೊಳೆದು ಪಟ್ಟಿ ಕಟ್ಟಿದರು. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಭಾದ್ರಪದ ಮುಗಿಯುವವರೆಗೂ ಡ್ರೆಸ್ಸಿಂಗು ನಡೆಯಿತು. ಗಾಯ ಮಾಯುತ್ತ ಗೆಣ್ಣಿನ ಮೇಲಿನ ಚರ್ಮ ಎಳೆದುಕೊಂಡು ಬೆರಳು ಪೂರ್ತಿ ಮಡಚಲು ಬರಲಿಲ್ಲ. ದಿನಾ ಎಣ್ಣೆ ಹಾಕಿ ಬೆರಳನ್ನು ಮೆಲ್ಲಗೆ ಒಳಕ್ಕೆ ಬಾಗಿಸಬೇಕು ಎಂದು ತೋರಿಸಿಕೊಟ್ಟರು. ಅದನ್ನು ಮಾಡಲು ಸಿಂಚನಾ ಅಪ್ಪನಿಗೆ ಮಾತ್ರ ಬಿಟ್ಟಳು. ನಮ್ಮವರು ಅಂಗಡಿಯಿಂದ ಬಂದು, ಕೈಯ ಗ್ರೀಸು ತೊಳೆದುಕೊಂಡು, ಅದೇ ಮೆಟ್ಟಿಲ ಮೇಲೆ ಕೂತು ಬೆರಳು ನೀವುತ್ತಿದ್ದರು. ನಾನು ಒಳಗೆ ಒಲೆಯ ಮುಂದೆ ನಿಂತು ಅವರ ಮಾತು ಕೇಳಿಸಿಕೊಳ್ಳುತ್ತಿದ್ದೆ. ಉಳಿದ ಸಣ್ಣ ನರಹುಲಿಗಳಿಗೆ ಔಷಧಿ ಹಚ್ಚಲು ಅವಳು ಯಾರಿಗೂ ಬಿಡಲಿಲ್ಲ. ಬಾಟಲಿ ಬೀರುವಿನಲ್ಲೇ ಒಣಗಿತು. ಡಾಕ್ಟರು ಒತ್ತಾಯ ಮಾಡಬೇಡಿ ಅಂದರು.

ದೀಪಾವಳಿ ಕಳೆದು ಒಂದು ಮಧ್ಯಾಹ್ನ ಸುಮಾ ಬಂದಳು. ಅವಳ ಮದುವೆ ಗೊತ್ತಾಗಿತ್ತು, ಹೊಸಬಾಳೆಯ ಹುಡುಗ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಸೀರೆಗೆ ಕುಚ್ಚು ಹಾಕಿಸಲು ಶಿಕಾರಿಪುರಕ್ಕೆ ಬಂದವಳು ಊಟಕ್ಕೆ ನಮ್ಮ ಮನೆಗೆ ಬಂದಿದ್ದಳು. ಸಿಂಚನಾ ಶಾಲೆಗೆ ಹೋಗಿದ್ದಳು. ಊಟ ಮಾಡುತ್ತ ಸುಮಾ ಅನ್ನದಲ್ಲಿ ಕೈ ಆಡಿಸುತ್ತ ಕೂತಳು.

"ಅವಳ ಬೆರಳು ಈಗ ಹೆಂಗೈತೆ ಚಿಕ್ಕಮ್ಮ? ನನ್ನ ಮೇಲೆ ಅವಳಿಗೆ ಸಿಟ್ಟು ಇರಬೇಕು."

"ನಿನ್ನ ಮೇಲೆ ಯಾಕೆ?"

"ನನ್ನ ಸಲುವಾಗೇ ಅಲ್ವಾ ಅದೆಲ್ಲ ಆಗಿದ್ದು."

ನಾನು ಸಾರಿನ ಸೌಟು ಕೆಳಗಿಟ್ಟೆ. ಸುಮಾಳಿಗೆ ಗಾಬರಿಯಾಯಿತು. ನಿಮಗೆ ಗೊತ್ತಿರಬೇಕು ಅಂದುಕೊಂಡಿದ್ದೆ ಅಂದಳು. ಆಮೇಲೆ ನಿಧಾನವಾಗಿ ಹೇಳಿದಳು. ಶ್ರಾವಣ ಹುಟ್ಟಿದ ಕೂಡಲೇ ಹೊಸಬಾಳೆಯವರು ಹೆಣ್ಣು ನೋಡಲು ಬರುವುದಿತ್ತು. ಅದರ ಹಿಂದಿನ ದಿನ ಸಿಂಚನಾಳ ಕೈ ನೋಡಿದ ಅಕ್ಕನ ಅತ್ತೆ, ಗಂಡಿನ ಕಡೆಯವರ ಕಣ್ಣಿಗೆ ಇದು ಬಿದ್ದರೆ ಮನೆತನದಲ್ಲೇ ಚರ್ಮದ ಕಾಯಿಲೆ ಇದೆ ಅಂದುಕೊಳ್ಳುತ್ತಾರೆ ಎಂದರಂತೆ. ಅಕ್ಕ ಸುಣ್ಣ ಕಲಸಿದ್ದು ಆಗ. ಮರುದಿನ ಬೆಳಿಗ್ಗೆಯೂ ಮಗು ಅಳು ನಿಲ್ಲಿಸಲಿಲ್ಲ. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹೋಗುವವರೆಗೆ ಅವಳನ್ನು ಪಕ್ಕದ ಮನೆಯಲ್ಲಿ ಕೂರಿಸಿದ್ದರಂತೆ.

"ನಾನು ಬೇಡ ಅಂದೆ ಚಿಕ್ಕಮ್ಮ. ನಿಮಗೆ ಒಂದು ಮಾತು ಕೇಳು ಅಂದೆ. 'ಅವಳನ್ನ ಕೇಳಿದ್ರೆ ಬ್ಯಾಡ ಅಂತಾಳೆ, ಕೇಳಬಾರದು' ಅಂದ್ಲು ಅಮ್ಮ."

ಸುಮಾ ಹೋದ ಮೇಲೆ ಅವಳ ತಟ್ಟೆ ಎತ್ತಲೂ ಕೈ ಬರಲಿಲ್ಲ. ತಿಳಿಯದೆ ಮಾಡಿದ್ದು ಎಂದು ನಾನು ಇಷ್ಟು ತಿಂಗಳು ಕಟ್ಟಿಕೊಂಡಿದ್ದ ಸಮಾಧಾನ ಆ ಒಂದು ಮಾತಿಗೆ ಕುಸಿದುಬಿತ್ತು. ನಾನು ಬೇಡ ಅನ್ನುತ್ತೇನೆ ಎಂದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೇ ನನ್ನ ಹೆಸರು ಹೇಳಿದ್ದಳು. ಮಗಳು ನನ್ನ ಮೇಲೆ ಇಟ್ಟಿದ್ದ ನಂಬಿಕೆಯನ್ನೇ ಹಿಡಿದು ಅವಳ ಕೈ ಚಾಚಿಸಿದ್ದಳು.

ಮದುವೆಗೆ ಹೋದೆ, ಸುಮಾಳಿಗೋಸ್ಕರ. ಸಿಂಚನಾ ಬರಲಿಲ್ಲ, ನಾನೂ ಕರೆಯಲಿಲ್ಲ. ಛತ್ರದಲ್ಲಿ ಅಕ್ಕ ಹೊಸ ಬೀಗರ ಹೆಂಗಸರ ನಡುವೆ ಕೂತಿದ್ದಳು. ಅವರಲ್ಲಿ ಯಾರದೋ ಮಗುವಿನ ಕುತ್ತಿಗೆಯ ಮೇಲೆ ನರಹುಲಿ ಇತ್ತೆಂದು ಕಾಣುತ್ತದೆ, ಮಾತು ಅಲ್ಲಿಗೆ ಬಂದಿತ್ತು. "ನನ್ನ ತಂಗಿ ಮಗಳಿಗೆ ಒಂದೇ ಸಲಕ್ಕೆ ತೆಗೆದೀನಿ," ಎಂದು ಅಕ್ಕ ಹೇಳುತ್ತಿದ್ದಳು. ಮದುವೆ ಗೊತ್ತಾಗುವವರೆಗೆ ಮುಚ್ಚಿಡಬೇಕಾಗಿದ್ದ ಕಾಯಿಲೆ ಈಗ ಅವಳ ಕೈಗುಣದ ಕಥೆಯಾಗಿತ್ತು. ಅವಳನ್ನು ಪಾತ್ರೆ ತೊಳೆಯುವ ಕಡೆಗೆ ಕರೆದುಕೊಂಡು ಹೋದೆ.

"ಸುಮಾ ಎಲ್ಲ ಹೇಳಿದಾಳೆ ನಂಗೆ."

ಅಕ್ಕನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಗಟ್ಟಿಯಾಯಿತು.

"ಹೇಳಿದ್ರೆ ಹೇಳ್ಲಿ. ನೀನೂ ಹೆಣ್ಣು ಹೆತ್ತಿದೀಯ, ನಾಳೆ ಗೊತ್ತಾಗ್ತತೆ. ನಿನ್ನ ಓದಿಸಿದೀನಿ, ಮದುವೆ ಮಾಡಿದೀನಿ. ನನ್ನ ಮಗಳ ಒಂದು ಕಾರ್ಯಕ್ಕೆ ಇಷ್ಟೂ ತಡ್ಕಳಕ್ಕಾಗಲ್ವಾ ನಿಂಗೆ?"

"ತಡ್ಕಂಡಿದ್ದು ನಾನಲ್ಲ ಅಕ್ಕ, ಎಂಟು ವರ್ಷದ ಮಗು."

"ನಾಲ್ಕು ಜನ ಸೇರಿರೋ ಕಡೆ ರಂಪ ಮಾಡಬ್ಯಾಡ," ಎಂದು ಸೆರಗು ಸರಿಮಾಡಿಕೊಂಡು ಅವಳು ಮಂಟಪದ ಕಡೆಗೆ ಹೋದಳು.

ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಹೊರಟೆ. ಅಕ್ಕನ ಮನೆಯ ಕಾರ್ಯದಲ್ಲಿ ಉಣ್ಣದೆ ಬಂದದ್ದು ಅದೇ ಮೊದಲು. ಭಾವ ಗೇಟಿನವರೆಗೆ ಬಂದು, "ಗೀತಾ, ಒಂದು ತುತ್ತು," ಎಂದರು. ಅವರ ಮುಖ ನೋಡಲಾಗದೆ ಬಸ್ ಹತ್ತಿದೆ.

ಮುಂದಿನ ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಸಿಂಚನಾ ಬಚ್ಚಲಿಂದ ಬಂದವಳು ಅಪ್ಪನಿಗೆ ಕೈ ತೋರಿಸಿದಳು. ಸಣ್ಣ ನರಹುಲಿಗಳು ಚಪ್ಪಟೆಯಾಗಿ, ಬಣ್ಣ ಕಳೆದುಕೊಂಡು, ಕೆಲವು ಇದ್ದ ಜಾಗವೂ ಗೊತ್ತಾಗದಂತೆ ಹೋಗಿದ್ದವು. ಯಾರೂ ಏನೂ ಹಚ್ಚಿರಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದು ಅದನ್ನೇ, ಮೈಗೆ ಆ ವೈರಸ್ಸಿನ ಗುರುತು ಹತ್ತಿದ ಮೇಲೆ ಮೈಯೇ ಅದನ್ನು ಓಡಿಸುತ್ತದೆ ಎಂದು. ಎಲ್ಲ ಹೋಗಿ ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಅಕ್ಕ ವಾಸಿ ಮಾಡಿದ ಜಾಗವೊಂದೇ. ನುಣುಪಾಗಿ, ಬೆಳ್ಳಗೆ, ಚಳಿಗಾಲದಲ್ಲಿ ಈಗಲೂ ಬಿರಿಯುತ್ತದೆ.

ಅಕ್ಕನ ಮನೆಗೆ ಮತ್ತೆ ಹೋಗಲಿಲ್ಲ. ಹಬ್ಬಕ್ಕೆ ಒಂದು ಫೋನು, ಸಾವು ನೋವಿಗೆ ಒಂದು ಫೋನು, ಅಷ್ಟೇ. ಸಿಂಚನಾ ಕ್ರಮೇಣ ನನ್ನ ಹತ್ತಿರ ಬಂದಳು. ಜಡೆ ಹಾಕಿಸಿಕೊಂಡಳು, ಜ್ವರ ಬಂದಾಗ ನನ್ನ ಮಡಿಲಲ್ಲೇ ಮಲಗಿದಳು. ಆದರೆ ಇಂಜೆಕ್ಷನ್ನಿಗೋ ಹಲ್ಲು ತೋರಿಸಲೋ ಹೋಗುವಾಗ ಮಾತ್ರ ನನ್ನನ್ನು ಬಿಟ್ಟು ಡಾಕ್ಟರನ್ನೇ ಕೇಳುತ್ತಿದ್ದಳು, ಏನು ಮಾಡ್ತೀರಾ, ನೋಯುತ್ತಾ ಎಂದು. ಬುದ್ಧಿವಂತೆ, ತಾನೇ ವಿಚಾರಿಸಿಕೊಳ್ಳುತ್ತಾಳೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಶಿರಾಳಕೊಪ್ಪದಿಂದ ಬಂದ ಮುಂದಿನ ವಾರ, ಭಾನುವಾರ ಬೆಳಿಗ್ಗೆ, ಅಕ್ಕನ ಫೋನು ಬಂತು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಕೈ ಹಿಟ್ಟಾಗಿದ್ದರಿಂದ ಸಿಂಚನಾಳೇ ಫೋನ್ ಎತ್ತಿ ಸ್ಪೀಕರ್ ಒತ್ತಿ ನನ್ನ ಪಕ್ಕ ಇಟ್ಟು, ಮತ್ತೆ ತನ್ನ ಪುಸ್ತಕಕ್ಕೆ ಹೋದಳು.

"ಗೀತಾ, ಸುಮಾನ ಮಗನಿಗೆ ಮೊಣಕಾಲ ಮೇಲೆ ನರಹುಲಿ ಎದ್ದಾವೆ ಕಣೆ. ಆಗ ನೀನು ಒಬ್ಬ ಡಾಕ್ಟರಿಗೆ ತೋರಿಸಿದ್ಯಲ್ಲ, ಅವರು ಇನ್ನೂ ನೋಡ್ತಾರಾ? ಆ ಬಾಟ್ಲಿ ಔಷಧಿ ಯಾವುದು?"

"ಯಾಕೆ, ಸುಣ್ಣ ಇಲ್ವಾ ಮನೇಲಿ?" ಎಂದೆ.

"ಅಯ್ಯೋ, ಇವನಿಗೆ ಸುಣ್ಣಗಿಣ್ಣ ಆಗಲ್ಲ ಕಣೆ. ಕೂಸು, ಚರ್ಮ ಭಾಳ ಸೂಕ್ಷ್ಮ. ಸುಟ್ಟುಗಿಟ್ಟು ಹೋದ್ರೆ ಏನು ಗತಿ?" ಅಕ್ಕ ಸಣ್ಣಗೆ ನಕ್ಕಳು. "ಅದೂ ಅಲ್ದೆ ನಿನ್ನ ಮಗಳಂಗೆ ಅಲ್ಲ ಇವನು. ಅವಳು ನಿನ್ನ ಹೆಸರು ಹೇಳಿದ ಕೂಡ್ಲೆ ಕೈ ಕೊಟ್ಟು ಕೂತ್ಲು. ನೀನು ಫೋನೇ ಮಾಡಿರ್ಲಿಲ್ಲ, ಆದ್ರೂ ನಂಬಿದ್ಲು ಪಾಪ. ಇವನು ಯಾರ ಹೆಸರು ಹೇಳಿದ್ರೂ ಬಗ್ಗಲ್ಲ."

ಮಗುವಿನ ವಯಸ್ಸು ಕೇಳಿದೆ. ಡಾಕ್ಟರು ಈಗಲೂ ಕೂರುತ್ತಾರೆ ಎಂದು ಹೇಳಿದೆ. ಬಿಸಿನೀರಿನಲ್ಲಿ ನೆನೆಸುವುದು, ಉಜ್ಜುವುದು, ಸುತ್ತ ವ್ಯಾಸಲೀನ್ ಸವರುವುದು ಎಲ್ಲವನ್ನೂ ಬಿಡದೆ ಹೇಳಿದೆ. ಅವಸರ ಮಾಡಬೇಡ, ತಾನಾಗಿಯೂ ಹೋಗುತ್ತೆ ಅಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳುತ್ತಿತ್ತು. ಅಕ್ಕ ಎಲ್ಲಕ್ಕೂ ಹ್ಞಾಂ ಹ್ಞಾಂ ಅಂದು, "ಬಾರೆ ಒಂದ್ಸಲ ಆನವಟ್ಟಿಗೆ, ಎಷ್ಟು ವರ್ಷ ಆಯ್ತು," ಎಂದು ಫೋನ್ ಇಟ್ಟಳು.

ಹಂಚಿನ ಮೇಲಿದ್ದ ಚಪಾತಿ ಸೀದಿತ್ತು. ಅದನ್ನು ತೆಗೆದು ತಿರುಗಿದರೆ ಸಿಂಚನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪುಸ್ತಕ ಕೈಯಲ್ಲಿರಲಿಲ್ಲ. ಈಗ ಅವಳು ನನಗಿಂತ ಎತ್ತರ. ಆದರೆ ಮುಖ ಮೂರನೇ ಕ್ಲಾಸಿನದಾಗಿತ್ತು.

"ಅಂದ್ರೆ ನೀನು ನಿಜವಾಗ್ಲೂ ಫೋನ್ ಮಾಡಿರ್ಲಿಲ್ಲ," ಎಂದಳು.